ಕಾದದ್ದು 20 ನಿಮಿಷ, ಕಾಯಿಸಿದ್ದು 2 ಗಂಟೆ

ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಅಬ್ಬಾ, ಎಷ್ಟೊಂದು ಗಾಡಿಗಳು!" ಆ ಲೆಕ್ಕದಲ್ಲಿ ತಮ್ಮ ಗಾಡಿಯನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ನಾನೂ ಸೇರಿಸಿಕೊಳ್ಳುತ್ತಿರಲಿಲ್ಲ. ಜಾಮ್ ಅಂದರೆ ಬೇರೆಯವರು ಮಾಡುವುದು, ನಾವು ಅನುಭವಿಸುವುದು ಅಂತಲೇ ನನ್ನ ನಂಬಿಕೆಯಾಗಿತ್ತು. ಒಂದು ಸಣ್ಣ ಲೆಕ್ಕ ಹಾಕಿದ ಮೇಲೆ ಅದು ಅಲುಗಾಡಿತು. ಕಷ್ಟದ ಗಣಿತವೇನಲ್ಲ, ಗುಣಾಕಾರ ಬಂದರೆ ಸಾಕು.

ಒಂದು ಸೇತುವೆ ಇದೆ ಅಂದುಕೊಳ್ಳಿ. ಒಂದು ದಿಕ್ಕಿಗೆ ಒಂದೇ ಲೇನ್. ಎಲ್ಲವೂ ಸರಿಯಾಗಿದ್ದರೆ ಇಂಥ ಲೇನ್‌ನಲ್ಲಿ ಗಂಟೆಗೆ ಸುಮಾರು 2000 ಕಾರು ದಾಟಬಹುದು. ಅಂದರೆ 1.8 ಸೆಕೆಂಡಿಗೆ ಒಂದು. ಇದಕ್ಕಿಂತ ಜಾಸ್ತಿ ತುರುಕಲು ಆಗುವುದಿಲ್ಲ. ಮುಂದಿನ ಗಾಡಿ ಬ್ರೇಕ್ ಹಾಕಿದರೆ ನಾವೂ ಹಾಕಲು ಅಷ್ಟಾದರೂ ಅಂತರ ಬೇಕಲ್ವಾ? ಬೆಳಗ್ಗೆ 8 ಗಂಟೆಗೆ ನೀವು ಅಲ್ಲಿಗೆ ಬರುತ್ತೀರಿ. ಅಷ್ಟರಲ್ಲಾಗಲೇ ಸಾಲು ಬೆಳೆದಿದೆ. 20 ನಿಮಿಷ ಕಾದು 8.20ಕ್ಕೆ ಸೇತುವೆ ದಾಟುತ್ತೀರಿ. ನಿಮ್ಮ ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ. ಅದು ಪೂರ್ತಿ ಕರಗುವುದು 10.20ಕ್ಕೆ.

ಈಗ, ಆ ದಿನ ನೀವು ಬರಲೇ ಇಲ್ಲ ಅಂದುಕೊಳ್ಳಿ. ನಿಮ್ಮ ಹಿಂದಿದ್ದವರೆಲ್ಲ ಒಂದೊಂದು ಕಾರಿನಷ್ಟು ಮುಂದೆ ಸರಿಯುತ್ತಾರೆ. ಪ್ರತಿಯೊಬ್ಬರಿಗೂ 1.8 ಸೆಕೆಂಡ್ ಉಳಿಯುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ 8.20ರಿಂದ 10.20ರ ನಡುವೆ ಆ ಸೇತುವೆ ದಾಟಿದವರು 4000 ಜನ. 4000 ಸಲ 1.8 ಅಂದರೆ 7200 ಸೆಕೆಂಡ್. ಸರಿಯಾಗಿ 2 ಗಂಟೆ. ನೀವು ಕಾದದ್ದು 20 ನಿಮಿಷ, ಉಳಿದವರನ್ನು ಕಾಯಿಸಿದ್ದು 2 ಗಂಟೆ. ಅದು 4000 ಜನರಲ್ಲಿ ಹಂಚಿಹೋಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ನಿಮಗಂತೂ ಮೊದಲೇ ಇಲ್ಲ.

ಇನ್ನೂ ಒಂದು ವಿಚಿತ್ರ ಇದೆ. ಸಾಲು ಈಗಷ್ಟೇ ಹುಟ್ಟುತ್ತಿರುವಾಗ ಬಂದವನು ಹೆಚ್ಚುಕಡಿಮೆ ಕಾಯುವುದೇ ಇಲ್ಲ, ಆರಾಮಾಗಿ ದಾಟಿ ಹೋಗುತ್ತಾನೆ. ಆದರೆ ಅವನ ಹಿಂದೆ ಬರುವ ಇಡೀ ಸಾಲು 1.8 ಸೆಕೆಂಡ್ ತಡವಾಗುತ್ತದೆ. ಅಂದರೆ ಎಲ್ಲರಿಗಿಂತ ಕಡಿಮೆ ಕಾದವನೇ ಎಲ್ಲರಿಗಿಂತ ಜಾಸ್ತಿ ಕಾಯಿಸುತ್ತಾನೆ. ಸಾಲಿನ ಕೊನೆಯಲ್ಲಿ ಬಂದು ಬೈದುಕೊಳ್ಳುವವನಿಂದ ಬೇರೆಯವರಿಗೆ ತೊಂದರೆಯೇ ಇಲ್ಲ.

ದಟ್ಟಣೆಯನ್ನು ಹೀಗೆ ಸಾಲಿನ ಲೆಕ್ಕವಾಗಿ ನೋಡುವುದನ್ನು 1969ರಲ್ಲಿ ಬರೆದು ತೋರಿಸಿದವರು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ. ಇವರ ಹೆಸರು ಮುಂದೆ ಮತ್ತೆ ಬರುತ್ತದೆ.

ಸ್ವಲ್ಪ ಕಮ್ಮಿಯಾದರೆ ಸಾಕು

ಅದೇ ಸೇತುವೆಗೆ ಗಂಟೆಗೆ 2400 ಕಾರು ಬಂದರೆ? ದಾಟುವುದು 2000, ಮಿಕ್ಕಿದ 400 ನಿಲ್ಲುತ್ತವೆ. ಎರಡು ಗಂಟೆಯಲ್ಲಿ 800 ಕಾರಿನ ಸಾಲು. ಕೊನೆಯವನು 24 ನಿಮಿಷ ಕಾಯಬೇಕು. ಗಂಟೆಗೆ 2100 ಬಂದರೆ ಎರಡು ಗಂಟೆಗೆ ಸಾಲು 200 ಮಾತ್ರ, ಕೊನೆಯವನ ಕಾಯುವಿಕೆ 6 ನಿಮಿಷ. 2000ಕ್ಕೆ ಇಳಿದರೆ ಸಾಲೇ ಇಲ್ಲ. ಆರು ಕಾರಿಗೆ ಒಂದು ಕಮ್ಮಿಯಾಯಿತು, 24 ನಿಮಿಷ ಸೊನ್ನೆಯಾಯಿತು. ಶಾಲೆಗೆ ರಜೆ ಇದ್ದಾಗ ರಸ್ತೆ ಖಾಲಿ ಖಾಲಿ ಅನ್ನಿಸುವುದು ಇದಕ್ಕೇ. ಗಾಡಿಗಳು ಅರ್ಧಕ್ಕೆ ಇಳಿದಿರುವುದಿಲ್ಲ. ಮಿತಿ ದಾಟಿದ್ದಷ್ಟೇ ಮಾಯವಾಗಿರುತ್ತದೆ.

ಮಿತಿ ದಾಟಿದ ಮೇಲೆ ರಸ್ತೆಯ ಸಾಮರ್ಥ್ಯವೂ ಕುಸಿಯುತ್ತದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 230 ಮೀಟರ್ ಸುತ್ತಳತೆಯ ಒಂದು ವೃತ್ತ. ಅದರಲ್ಲಿ 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಚಾಲಕರಿಗೆ ಹೇಳಿದ್ದು ಇಷ್ಟೇ: ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ, ಮುಂದಿನ ಕಾರಿನಿಂದ ಸರಿಯಾದ ಅಂತರದಲ್ಲಿ ಹೋಗಿ. ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾರೋ ಒಬ್ಬರು ಒಂಚೂರು ನಿಧಾನ ಮಾಡಿದರು. ಹಿಂದಿನವರು ಅದಕ್ಕಿಂತ ತುಸು ಜಾಸ್ತಿ ಬ್ರೇಕ್ ಹಾಕಿದರು, ಅವರ ಹಿಂದಿನವರು ಇನ್ನೂ ಜಾಸ್ತಿ. ಸ್ವಲ್ಪ ಹೊತ್ತಿಗೆ ಒಂದು ಕಡೆ ಕಾರುಗಳು ಪೂರ್ತಿ ನಿಂತವು. ಆ ನಿಂತ ಗುಂಪು ಅಲೆಯಂತೆ ಹಿಂದಕ್ಕೆ, ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಸಾಗತೊಡಗಿತು. "ಮುಂದೆ ಏನೋ ಆಕ್ಸಿಡೆಂಟ್ ಆಗಿರಬೇಕು" ಅಂದುಕೊಂಡು ಅರ್ಧ ಗಂಟೆ ತೆವಳಿ, ಕೊನೆಗೆ ಏನೂ ಕಾಣದೆ ಪೆಚ್ಚಾಗುತ್ತೇವಲ್ಲ, ಅದು ಇದೇ ಅಲೆ.

ದಟ್ಟಣೆಯ ವೆಚ್ಚ ಅಂದಾಗ ನಾವು ಪೆಟ್ರೋಲು, ಹೊಗೆ, ತಡವಾಗುವ ಆಂಬುಲೆನ್ಸ್ ಇವನ್ನು ಹೇಳುತ್ತೇವೆ. ಸರಿಯೇ. ಆದರೆ ಯಾರ ಬಾಯಲ್ಲೂ ಬರದ ಒಂದು ಖರ್ಚಿದೆ. ಒಂದು ಬಸ್ ಮಾರ್ಗದಲ್ಲಿ ಹೋಗಿ ಬರಲು 60 ನಿಮಿಷ ಬೇಕು, 10 ನಿಮಿಷಕ್ಕೊಂದು ಬಸ್ ಬಿಡಬೇಕು ಅಂದುಕೊಳ್ಳಿ. 6 ಬಸ್ ಸಾಕು. ದಟ್ಟಣೆ ಹೆಚ್ಚಾಗಿ ಅದೇ ದಾರಿಗೆ 90 ನಿಮಿಷ ಹಿಡಿದರೆ 9 ಬಸ್ ಬೇಕು. ಮೂರು ಬಸ್, ಅವುಗಳ ಡ್ರೈವರ್, ಡೀಸೆಲ್ ಎಲ್ಲ ಹೆಚ್ಚುವರಿ, ಪ್ರಯಾಣಿಕರು ಮಾತ್ರ ಅಷ್ಟೇ. ದುಡ್ಡಿಲ್ಲದಿದ್ದರೆ ಅದೇ 6 ಬಸ್ 15 ನಿಮಿಷಕ್ಕೊಂದರಂತೆ ಬರುತ್ತವೆ. ಕಾದು ಕಾದು ಸಾಕಾದವರು ಸ್ವಂತ ಗಾಡಿ ಕೊಳ್ಳುತ್ತಾರೆ. ಅವರ ಗಾಡಿಯೂ ಅದೇ ರಸ್ತೆಗೆ ಇಳಿಯುತ್ತದೆ.

ರಸ್ತೆ ಅಗಲ ಮಾಡಿದರೆ ಆಗುವುದೇನು

ಸುಲಭವಾಗಿ ಹೊಳೆಯುವ ಉಪಾಯ ರಸ್ತೆ ಅಗಲ ಮಾಡುವುದು, ಮೇಲೊಂದು ಫ್ಲೈಓವರ್ ಕಟ್ಟುವುದು. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಇದಕ್ಕೆ ದೊಡ್ಡ ಉದಾಹರಣೆ. 2008ರಲ್ಲಿ ಅದರ ಅಗಲೀಕರಣ ಮುಗಿಯಿತು. ಖರ್ಚು ಸುಮಾರು 280 ಕೋಟಿ ಡಾಲರ್. ಪಕ್ಕದ ಸರ್ವೀಸ್ ರಸ್ತೆಗಳನ್ನೂ ಸೇರಿಸಿದರೆ ಕೆಲವು ಕಡೆ 26 ಲೇನ್. ಮೊದಲು ಎಲ್ಲರೂ ಖುಷಿಪಟ್ಟರು. 2011ರಿಂದ 2014ರ ನಡುವೆ ಬೆಳಗಿನ ದಟ್ಟಣೆಯ ಹೊತ್ತಿನ ಪ್ರಯಾಣ ಸುಮಾರು ಶೇ 30ರಷ್ಟು, ಸಂಜೆಯದು ಸುಮಾರು ಶೇ 55ರಷ್ಟು ಜಾಸ್ತಿ ಸಮಯ ಹಿಡಿಯತೊಡಗಿತು.

ಯಾಕೆ ಹೀಗೆ? ರಸ್ತೆಗೆ ಬರುವ ಗಾಡಿಗಳ ಸಂಖ್ಯೆ ಮೊದಲೇ ಬರೆದಿಟ್ಟ ಸಂಖ್ಯೆಯಲ್ಲ. ಜಾಮ್‌ಗೆ ಹೆದರಿ ಬೇಗ ಹೊರಡುತ್ತಿದ್ದವರು ರಸ್ತೆ ಬಿಡುವಾದ ಕೂಡಲೇ ತಮ್ಮ ಇಷ್ಟದ ಹೊತ್ತಿಗೆ ಹೊರಡುತ್ತಾರೆ. ಬೇರೆ ದಾರಿ ಹಿಡಿದಿದ್ದವರು ಇಲ್ಲಿಗೆ ಬರುತ್ತಾರೆ. ರೈಲಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. ಇವೆಲ್ಲ ಕೆಲವೇ ತಿಂಗಳಲ್ಲಿ ಆಗುವ ಬದಲಾವಣೆ. ಮುಂದಿನ ವರ್ಷಗಳಲ್ಲಿ ಊರಾಚೆ ಹೊಸ ಬಡಾವಣೆ ಏಳುತ್ತದೆ, "ಅರ್ಧ ಗಂಟೆಯಲ್ಲಿ ಆಫೀಸು" ಅಂತ ನಂಬಿ ಜನ ಅಲ್ಲಿ ಮನೆ ಮಾಡುತ್ತಾರೆ. ಗಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಜಾಲಾಡಿ 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿ ಶೇ 10ರಷ್ಟು ಹೆಚ್ಚಾದರೆ ಅಲ್ಲಿ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಶೇ 10ರಷ್ಟೇ ಹೆಚ್ಚುತ್ತದೆ.

ಹೊಸ ರಸ್ತೆಯಿಂದ ಯಾರಿಗೂ ಉಪಯೋಗವಿಲ್ಲ ಅಂತ ಇದರ ಅರ್ಥವಲ್ಲ. ಓಡಾಡುವವರು ಹೆಚ್ಚಾದರು ಅಂದಮೇಲೆ ಅವರಿಗೇನೋ ಸಿಕ್ಕಿರಬೇಕು. ಆದರೆ ಜಾಮ್ ಹೋಗುತ್ತದೆ ಅಂತ ಮಾತು ಕೊಟ್ಟು ರಸ್ತೆ ಕಟ್ಟಿದರೆ ಆ ಮಾತು ಉಳಿಯುವುದಿಲ್ಲ.

ಇದು ಉಲ್ಟಾ ದಿಕ್ಕಿಗೂ ನಡೆಯುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ನಡುವೆ, ಚೊಂಗ್ಯೆಚೊನ್ ಎಂಬ ತೊರೆಯನ್ನು ಮುಚ್ಚಿ ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಶುರು ಮಾಡಿದಾಗ ಊರೇ ನಿಂತುಹೋಗುತ್ತದೆ ಅಂದವರು ಬಹಳ. ಊರು ನಿಲ್ಲಲಿಲ್ಲ. 2005ರಲ್ಲಿ ತೊರೆ ಮತ್ತೆ ತೆರೆದುಕೊಂಡಿತು, ಈಗ ಸುಮಾರು 5.8 ಕಿಲೋಮೀಟರ್ ಉದ್ದಕ್ಕೆ ಜನ ನೀರಿನ ಪಕ್ಕ ಓಡಾಡುತ್ತಾರೆ. ಸುಮ್ನೆ ರಸ್ತೆ ಕಿತ್ತು ಕೈ ತೊಳೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಅದೇ ಹೊತ್ತಿಗೆ, 2004ರಲ್ಲಿ, ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ಜೋಡಿಸಿದರು, ರಸ್ತೆ ಮಧ್ಯೆ ಬಸ್‌ಗೆಂದೇ ಲೇನ್ ಬಿಟ್ಟರು.

ಬಸ್ ಹತ್ತಿದವರು ಕೊಡುವುದು

ಮೊದಲ ಲೆಕ್ಕ ನೆನಪಿದೆಯಲ್ಲ? ರಸ್ತೆಗೆ ಇನ್ನೊಂದು ಕಾರು ಬಂದರೆ ಉಳಿದವರ ಸಮಯ ಹೋಗುತ್ತದೆ. ಬಸ್ಸಿನಲ್ಲಿ ಇದು ತಿರುಗುಮುರುಗು. 20 ನಿಮಿಷಕ್ಕೊಂದು ಬಸ್ ಇರುವಲ್ಲಿ, ವೇಳೆ ನೋಡದೆ ಸ್ಟಾಪಿಗೆ ಬಂದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಪ್ರಯಾಣಿಕರು ಹೆಚ್ಚಾಗಿ 10 ನಿಮಿಷಕ್ಕೊಂದು ಬಸ್ ಬಿಟ್ಟರೆ 5 ನಿಮಿಷ ಸಾಕು. ಹೊಸದಾಗಿ ಬಂದವರಿಂದ ಹಳಬರಿಗೂ ಲಾಭ. ಹರ್ಬರ್ಟ್ ಮೋರಿಂಗ್ ಎಂಬ ಅರ್ಥಶಾಸ್ತ್ರಜ್ಞ 1972ರಲ್ಲಿ ಇದನ್ನು ಬರೆದರು. ಬಸ್ ಟಿಕೆಟ್‌ಗೆ ಸರ್ಕಾರ ಸಬ್ಸಿಡಿ ಕೊಡುವುದು ದಾನಧರ್ಮ ಅಂತ ಮೂಗು ಮುರಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಸ್ ತುಂಬಿ ಬಾಗಿಲಲ್ಲಿ ಜೋತಾಡುವ ಹಂತಕ್ಕೆ ಬಂದರೆ ಈ ಲಾಭ ಉಳಿಯುವುದಿಲ್ಲ, ಅದೂ ನಿಜ.

ಜಾಗದ ಲೆಕ್ಕವಂತೂ ಇನ್ನೂ ನೇರ. 50 ಜನ, ಕಾರಿಗೆ ಒಂದೂವರೆ ಜನರಂತೆ ಹೊರಟರೆ ಸುಮಾರು 33 ಕಾರು. ನಿಂತ ಟ್ರಾಫಿಕ್‌ನಲ್ಲಿ ಅಂತರವೂ ಸೇರಿ ಒಂದು ಕಾರಿಗೆ 7 ಮೀಟರ್ ಹಿಡಿದರೂ ಸಾಲಿನ ಉದ್ದ 230 ಮೀಟರ್. ಅದೇ ಜನ ಹಿಡಿಸುವ ಬಸ್ಸಿನ ಉದ್ದ 12 ಮೀಟರ್.

ಹಾಗಿದ್ದರೂ ಬಸ್ ಲೇನ್ ಮಾಡಿದಲ್ಲೆಲ್ಲ ಬರುವ ದೂರು ಒಂದೇ: "ಖಾಲಿ ಬಿದ್ದಿದೆ, ನಮಗೆ ಬಿಡಬಾರದಾ?" ಕಾರಿನ ಕಿಟಕಿಯಿಂದ ನೋಡಿದರೆ ಹಾಗೆ ಕಾಣುವುದು ಸಹಜ. ನಿಮಿಷಕ್ಕೊಂದು ಬಸ್ ಹೋದರೂ ಮಿಕ್ಕ 50 ಚಿಲ್ಲರೆ ಸೆಕೆಂಡು ಆ ಲೇನ್ ಖಾಲಿಯೇ. ಬಸ್ಸಿಗೆ 50 ಜನರಂತೆ ಗಂಟೆಗೆ 3000 ಜನ ಆ 'ಖಾಲಿ' ಲೇನ್‌ನಲ್ಲಿ ಹೋಗಿರುತ್ತಾರೆ. ಪಕ್ಕದ ತುಂಬಿದ ಲೇನ್ ಸಿಗ್ನಲ್‌ನಲ್ಲಿ ಅರ್ಧ ಹೊತ್ತು ನಿಲ್ಲುತ್ತದೆ, ಗಂಟೆಗೆ 1000 ಕಾರು ದಾಟಿದರೆ ಹೆಚ್ಚು. ಅದರಲ್ಲಿ ಹೋದವರು 1500. ತುಂಬಿದಂತೆ ಕಾಣುವುದೇ ಬೇರೆ, ತುಂಬಾ ಜನರನ್ನು ಸಾಗಿಸುವುದೇ ಬೇರೆ.

ಬಸ್ ನಿಧಾನವಾಗುವುದು ರಸ್ತೆಯಲ್ಲಿ ಮಾತ್ರವಲ್ಲ, ಸ್ಟಾಪಿನಲ್ಲೂ ಹೌದು. 30 ಜನ ಒಂದೇ ಬಾಗಿಲಲ್ಲಿ ಹತ್ತಿ, ಒಬ್ಬೊಬ್ಬರೂ ದುಡ್ಡು ಕೊಟ್ಟು ಚಿಲ್ಲರೆ ಪಡೆಯಲು 4 ಸೆಕೆಂಡ್ ತೆಗೆದುಕೊಂಡರೆ ಅಲ್ಲೇ 2 ನಿಮಿಷ. ಹೀಗೆ ತಡವಾದ ಬಸ್ಸಿಗೆ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ ಸೇರಿರುತ್ತಾರೆ, ಅದು ಇನ್ನೂ ತಡ. ಹಿಂದಿನ ಬಸ್ಸಿಗೆ ಜನವೇ ಇಲ್ಲ, ಓಡೋಡಿ ಬಂದು ಇದರ ಬಾಲ ಹಿಡಿಯುತ್ತದೆ. ಅರ್ಧ ಗಂಟೆ ಬಸ್ಸೇ ಇಲ್ಲ, ಬಂದರೆ ಒಟ್ಟಿಗೆ ಎರಡು! ಇದರಲ್ಲಿ ಡ್ರೈವರ್‌ಗಳ ತಪ್ಪಿಲ್ಲ. ಬ್ರೆಜಿಲ್‌ನ ಕುರಿಟಿಬಾ ನಗರ ಇದಕ್ಕೆ ಉತ್ತರ ಹುಡುಕಿತು. 1974ರಿಂದಲೇ ಅಲ್ಲಿ ಬಸ್ಸಿಗೆ ಪ್ರತ್ಯೇಕ ದಾರಿ ಇತ್ತು. 1991ರಲ್ಲಿ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು. ದುಡ್ಡು ಕೊಟ್ಟು ಒಳಗೆ ಹೋಗಿ ಕಾಯುವುದು, ಬಸ್ಸಿನ ನೆಲದಷ್ಟೇ ಎತ್ತರದ ಕಟ್ಟೆಯಿಂದ ಎಲ್ಲ ಬಾಗಿಲಲ್ಲೂ ಒಮ್ಮೆಗೇ ಹತ್ತುವುದು. ಕೊಲಂಬಿಯಾದ ಬೊಗೊಟಾ 2000ದ ಡಿಸೆಂಬರ್‌ನಲ್ಲಿ ಇದನ್ನೇ ದೊಡ್ಡದಾಗಿ ಮಾಡಿತು. ನಿಂತ ಬಸ್ಸನ್ನು ಹಿಂದಿನ ಬಸ್ ದಾಟಲು ಇನ್ನೊಂದು ಲೇನ್ ಸೇರಿಸಿತು. ಅದರಿಂದ ಒಂದು ದಿಕ್ಕಿಗೆ ಗಂಟೆಗೆ 40 ಸಾವಿರಕ್ಕೂ ಹೆಚ್ಚು ಜನ ಓಡಾಡುವಂತಾಯಿತು. ಎಷ್ಟೋ ಮೆಟ್ರೋ ರೈಲಿಗೂ ಇಷ್ಟು ಆಗುವುದಿಲ್ಲ. ಅಲ್ಲಿ ಈಗಿನ ಗೋಳು ಬಸ್ಸಿನೊಳಗಿನ ನೂಕುನುಗ್ಗಲು.

ಟಿಕೆಟ್ ಪೂರ್ತಿ ಬಿಟ್ಟಿ ಮಾಡಿದರೆ? ಎಸ್ಟೋನಿಯಾದ ಟ್ಯಾಲಿನ್ ನಗರ 2013ರಲ್ಲಿ ತನ್ನ ನಿವಾಸಿಗಳಿಗೆ ಹಾಗೆ ಮಾಡಿತು. ಹೊಸದಾಗಿ ಬಸ್ ಹತ್ತಿದವರಲ್ಲಿ ಮೊದಲು ನಡೆದು ಹೋಗುತ್ತಿದ್ದವರೇ ಜಾಸ್ತಿ, ಕಾರು ಬಿಟ್ಟವರು ಕಮ್ಮಿ. ಬಡವರಿಗೆ ಅನುಕೂಲವಾಯಿತು, ಅದು ಒಳ್ಳೆಯದೇ. ಆದರೆ ಕಾರಿನವರು ನೋಡುವುದು ಟಿಕೆಟ್ ದರವನ್ನಲ್ಲ, ಗಡಿಯಾರವನ್ನು.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಎರಡೇ ಮಾತು. ಹೊಗೆ ಬಿಡುವುದಿಲ್ಲ, ಸಂತೋಷ. ಜಾಗ ಅಷ್ಟೇ ಹಿಡಿಯುತ್ತದೆ.

ಸಾಲಿಗೆ ಬದಲು ಶುಲ್ಕ

ಈಗ ಯಾರಿಗೂ ಇಷ್ಟವಾಗದ ಮಾತಿಗೆ ಬರೋಣ. ಬೆಳಗಿನ ದಟ್ಟಣೆಯಲ್ಲಿ ರಸ್ತೆಗೆ ಬರುವವರಿಂದ ದುಡ್ಡು ತೆಗೆದುಕೊಳ್ಳುವುದು. ವಿಕ್ರಿ 1950ರ ದಶಕದಿಂದಲೇ ಹೇಳುತ್ತಿದ್ದದ್ದು ಇದನ್ನೇ. ರಸ್ತೆ ಬಿಟ್ಟಿ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಬೆಲೆ ಕೊಡುತ್ತಲೇ ಇದ್ದೇವೆ, ದುಡ್ಡಿನ ಬದಲು ಸಮಯದಲ್ಲಿ. ವ್ಯತ್ಯಾಸ ಏನೆಂದರೆ, ಸಾಲಿನಲ್ಲಿ ಸುಟ್ಟ 20 ನಿಮಿಷ ಯಾರ ಕೈಗೂ ಸೇರುವುದಿಲ್ಲ. ಶುಲ್ಕವಾಗಿ ಕೊಟ್ಟ ದುಡ್ಡು ಖಜಾನೆಗೆ ಬರುತ್ತದೆ, ಅದರಲ್ಲಿ ಬಸ್ ಕೊಳ್ಳಬಹುದು. ಸೇತುವೆ ಮೊದಲಿನಷ್ಟೇ ಕಾರುಗಳನ್ನು ದಾಟಿಸುತ್ತದೆ, ಸಾಲು ಮಾತ್ರ ಇರುವುದಿಲ್ಲ.

ಮೊದಲು ಧೈರ್ಯ ಮಾಡಿದ್ದು ಸಿಂಗಪುರ, 1975ರ ಜೂನ್‌ನಲ್ಲಿ. ಬೆಳಗ್ಗೆ 7.30ರಿಂದ 9.30ರವರೆಗೆ ನಗರದ ನಡುಭಾಗಕ್ಕೆ ಬರುವ ಕಾರಿಗೆ ದಿನಕ್ಕೆ 3 ಸಿಂಗಪುರ ಡಾಲರ್. ಗಾಜಿಗೆ ಅಂಟಿಸುವ ಕಾಗದದ ಚೀಟಿ, ಗಡಿಯಲ್ಲಿ ನಿಂತು ಕಣ್ಣಲ್ಲೇ ನೋಡುವ ಸಿಬ್ಬಂದಿ, ಅಷ್ಟೇ ತಂತ್ರಜ್ಞಾನ. ನಾಲ್ಕು ಜನ ಇದ್ದ ಕಾರಿಗೆ ಶುಲ್ಕವಿಲ್ಲ. ಹಾಗಾಗಿ ಕೆಲವರು ಬಸ್ ಸ್ಟಾಪಿನಲ್ಲಿ ನಿಂತವರನ್ನು ಹತ್ತಿಸಿಕೊಂಡು ತಲೆ ಎಣಿಕೆ ಸರಿ ಮಾಡಿಕೊಳ್ಳುತ್ತಿದ್ದರು! 9.30 ಆದ ಕೂಡಲೇ ಕಾದಿದ್ದ ಕಾರುಗಳೆಲ್ಲ ಒಮ್ಮೆಲೇ ನುಗ್ಗಿದವು, ಶುಲ್ಕದ ಅವಧಿಯನ್ನು 10.15ಕ್ಕೆ ಎಳೆಯಬೇಕಾಯಿತು. ಆದರೂ ಆ ಹೊತ್ತಿನ ಗಾಡಿಗಳು ಶೇ 40ಕ್ಕೂ ಹೆಚ್ಚು ಇಳಿದವು. 1998ರಿಂದ ಅದೆಲ್ಲ ಎಲೆಕ್ಟ್ರಾನಿಕ್ ಆಯಿತು, ಹೊತ್ತಿಗೆ ತಕ್ಕಂತೆ ದರ.

ಲಂಡನ್ ಶುರು ಮಾಡಿದ್ದು 2003ರ ಫೆಬ್ರವರಿ 17ಕ್ಕೆ, ನಗರದ ನಡುಭಾಗದ ಒಂದು ವಲಯಕ್ಕೆ ಬರಲು ದಿನಕ್ಕೆ 5 ಪೌಂಡ್. ಅವತ್ತೇ ಸುಮಾರು 300 ಹೆಚ್ಚುವರಿ ಬಸ್ ಬಿಟ್ಟರು. ನನ್ನ ಪ್ರಕಾರ ಗುಟ್ಟು ಇಲ್ಲೇ ಇದೆ. ಬಿಡು ಅನ್ನುವ ದಿನವೇ ಇದನ್ನು ಹಿಡಿ ಅಂತಲೂ ಹೇಳಬೇಕು. ವಲಯದೊಳಗೆ ಬರುವ ಗಾಡಿಗಳು ಮೊದಲ ವರ್ಷಗಳಲ್ಲಿ ಸುಮಾರು ಶೇ 18ರಷ್ಟು, ತಡವಾಗುವಿಕೆ ಶೇ 30ರಷ್ಟು ಕಮ್ಮಿಯಾಯಿತು. ಆಮೇಲೆ ದಟ್ಟಣೆ ಮೆಲ್ಲಗೆ ವಾಪಸ್ ಬಂತು. ರಸ್ತೆ ಅಗೆತ ಹೆಚ್ಚಾಯಿತು, ನಡೆಯುವವರಿಗೆ, ಬಸ್ಸಿಗೆ ಜಾಗ ಬಿಟ್ಟರು, ಆ್ಯಪ್ ಮೂಲಕ ಕರೆಸುವ ಬಾಡಿಗೆ ಕಾರುಗಳು ಬಂದವು. ದಿನಕ್ಕೊಂದು ಸಲ ಕೊಟ್ಟರೆ ಇಡೀ ದಿನ ಸುತ್ತಬಹುದು ಎಂಬುದೂ ಆ ಪದ್ಧತಿಯ ದೌರ್ಬಲ್ಯವೇ.

ವಿಕ್ರಿ ವರ್ಷಗಟ್ಟಲೆ ಪಾಠ ಮಾಡಿದ ನ್ಯೂಯಾರ್ಕ್‌ನಲ್ಲಿ ಇದು ಬಂದದ್ದು 2025ರ ಜನವರಿ 5ಕ್ಕೆ, ಹಗಲು ಹೊತ್ತು ಕಾರಿಗೆ 9 ಡಾಲರ್. ಅವರಿಗೆ 1996ರ ಅಕ್ಟೋಬರ್‌ನಲ್ಲಿ ನೊಬೆಲ್ ಘೋಷಣೆಯಾಗಿತ್ತು. ಮೂರೇ ದಿನಕ್ಕೆ ತೀರಿಕೊಂಡರು.

"ದುಡ್ಡಿದ್ದವರು ಕೊಟ್ಟು ಹೋಗುತ್ತಾರೆ, ಬಡವರ ಗತಿ?" ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಬಸ್ಸೇ ಇಲ್ಲದ ಕಡೆ ಇದ್ದು, ಶಿಫ್ಟ್ ಹೊತ್ತು ಬದಲಿಸಲಾಗದೆ ಹಳೆ ಕಾರಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಇದು ಬರೆಯೇ. ಆದರೆ ಈಗಿನ ವ್ಯವಸ್ಥೆಯೇನು ನ್ಯಾಯವಾಗಿದೆಯಾ? ಒಬ್ಬರೇ ಕೂತ ಕಾರಿನ ಹಿಂದೆ 50 ಜನರ ಬಸ್ ನಿಂತಿದೆ. ಅವರು ಕಟ್ಟುತ್ತಿರುವ ಬೆಲೆಗೆ ರಸೀದಿ ಇಲ್ಲ ಅಷ್ಟೇ. ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಈ ಶುಲ್ಕದ ನ್ಯಾಯ ನಿಂತಿದೆ. ಬಸ್ಸಿಗೆ ಹೋದರೆ ಒಂದು, ಇನ್ನೊಂದು ಫ್ಲೈಓವರ್‌ಗೆ ಹೋದರೆ ಇನ್ನೊಂದು.

ಶುಲ್ಕಕ್ಕೆ ಹತ್ತಿರದ ಇನ್ನೊಂದು ಉಪಾಯ ಪಾರ್ಕಿಂಗ್. ಕಾರು ತನ್ನ ಆಯಸ್ಸಿನ ಸುಮಾರು ಶೇ 95ರಷ್ಟು ಹೊತ್ತು ನಿಂತೇ ಇರುತ್ತದೆ. ಆ ಜಾಗ ಬಿಟ್ಟಿಯಾಗಿ ಸಿಕ್ಕರೆ ಹೊರಡುವ ಮುನ್ನ ಯಾರೂ ಎರಡು ಸಲ ಯೋಚಿಸುವುದಿಲ್ಲ, ಬಂದು ಜಾಗ ಸಿಗದೆ ಸುತ್ತು ಹೊಡೆಯುತ್ತಾರೆ. ಜಪಾನಿನಲ್ಲಿ 1962ರಿಂದ ಕಾನೂನಿದೆ: ಗಾಡಿ ನಿಲ್ಲಿಸಲು ರಸ್ತೆಯ ಹೊರಗೆ ನನ್ನದೇ ಜಾಗ ಇದೆ ಅಂತ ಪುರಾವೆ ತೋರಿಸಿದರೆ ಮಾತ್ರ ಕಾರು ನೋಂದಣಿ. ಸಣ್ಣಪುಟ್ಟ ಕಾರುಗಳಿಗೆ, ಹಳ್ಳಿಗಳಿಗೆ ವಿನಾಯಿತಿ ಇದೆ. ಅಲ್ಲಿನ ಓಣಿಗಳು ಅಷ್ಟು ಕಿರಿದಾಗಿದ್ದೂ ನಡೆಯಲು ಹಿತವಾಗಿರುವುದಕ್ಕೆ ಇದೂ ಒಂದು ಕಾರಣ.

ಸ್ವೀಡನ್‌ನ ಸ್ಟಾಕ್‌ಹೋಮ್ ನಗರದ ಕಥೆಯನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ಜನ ಶುಲ್ಕಕ್ಕೆ ವಿರುದ್ಧವಾಗಿದ್ದರು. ಸರಿ, ಮೊದಲು ಏಳು ತಿಂಗಳು ಮಾಡಿ ನೋಡೋಣ, ಆಮೇಲೆ ಮತ ಹಾಕಿ ಅಂದರು. 2006ರ ಜನವರಿ 3ರಿಂದ ಜುಲೈ 31ರವರೆಗೆ, ಹೊತ್ತಿಗೆ ತಕ್ಕಂತೆ 10, 15 ಅಥವಾ 20 ಕ್ರೋನಾ. ಗಾಡಿಗಳು ಸುಮಾರು ಶೇ 20ರಷ್ಟು ಇಳಿದವು. ಮೊದಲೇ ನೋಡಿದಂತೆ, ಸಾಲು ಕರಗಲು ಅಷ್ಟು ಸಾಕು. ಆಗಸ್ಟ್‌ನಲ್ಲಿ ಶುಲ್ಕ ನಿಂತಿತು, ಗಾಡಿಗಳು ಬಹುಪಾಲು ವಾಪಸ್ ಬಂದವು. ಸೆಪ್ಟೆಂಬರ್‌ನಲ್ಲಿ ನಗರದವರು ಮತ ಹಾಕಿದರು, ಅರ್ಧಕ್ಕಿಂತ ತುಸು ಹೆಚ್ಚು ಜನ ಬೇಕು ಅಂದರು. ಸುತ್ತಲ ಊರುಗಳಲ್ಲಿ ಮತ ಹಾಕಿದವರು ಬೇಡ ಅಂದರು, ಪಾಪ, ಒಳಗೆ ಬರಲು ದುಡ್ಡು ಕೊಡಬೇಕಾದವರು ಅವರೇ ತಾನೆ. 2007ರ ಆಗಸ್ಟ್ 1ರಿಂದ ಶುಲ್ಕ ಕಾಯಂ ಆಯಿತು.

ಆಮೇಲೆ ಸಂಶೋಧಕರು ಕಾರು ಬಿಟ್ಟವರನ್ನು ಹುಡುಕಿಕೊಂಡು ಹೊರಟರು. ಐದಕ್ಕೆ ಒಂದು ಗಾಡಿ ಕಾಣುತ್ತಿಲ್ಲ, ಕ್ಯಾಮೆರಾ ಲೆಕ್ಕ ಸುಳ್ಳು ಹೇಳುವುದಿಲ್ಲ. ಅವರೆಲ್ಲ ಏನು ಮಾಡಿದರು, ಎಷ್ಟು ಕಷ್ಟಪಟ್ಟರು ಅಂತ ಕೇಳಬೇಕಿತ್ತು. ಕೇಳಿದರೆ ಬಹಳಷ್ಟು ಜನರ ಉತ್ತರ ಒಂದೇ: ನಾವಾ? ನಾವೇನೂ ಬದಲಾಗಿಲ್ಲವಲ್ಲ, ಮೊದಲೂ ಹೀಗೇ ಇದ್ದೆವು.